ಕಾಫಿ ಕೊಟ್ಟರು, ಸಹಿ ಹಾಕಿಸಿಕೊಂಡರು

ಓದುಗರೊಬ್ಬರ ಪತ್ರ: ‘ನಮ್ಮೂರು ಈಗ ಬೆಂಗಳೂರಿನ ಅಂಚಿಗೆ ಸೇರಿಹೋಗಿದೆ. ಇಲ್ಲಿನ ಕೆರೆಯನ್ನೂ ಅದರ ಸುತ್ತಲಿನ ಬೀದಿಗಳನ್ನೂ ಸುಧಾರಿಸುತ್ತೇವೆ ಎಂದು ಒಂದು ಸಂಸ್ಥೆ ಬಂದಿದೆ. ಶನಿವಾರ ಸಂಜೆ ಐದೂವರೆಗೆ ಸಮುದಾಯ ಭವನದಲ್ಲಿ ಸಭೆ ಕರೆದರು. ಪರದೆ ಮೇಲೆ ಇಂಗ್ಲಿಷಿನಲ್ಲಿ ಏನೇನೋ ತೋರಿಸಿದರು. ಕೇಸರಿಬಾತು, ಕಾಫಿ ಆಯಿತು. ಹಾಜರಿ ಅಂತ ಸಹಿ ಹಾಕಿಸಿಕೊಂಡರು. ಅದನ್ನೇ ನಮ್ಮ ಒಪ್ಪಿಗೆ ಎಂದು ತೋರಿಸುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು. ಬೇಲಿ ಹಾಕಿದ ಮೇಲೆ ಹುಲ್ಲು ಕೊಯ್ಯುವವರು ಒಳಗೆ ಬರುವ ಹಾಗಿಲ್ಲವಂತೆ. ನಾವು ಇವರ ಜೊತೆ ಸೇರಬೇಕೋ, ಎದುರು ನಿಲ್ಲಬೇಕೋ?’

ಸಂಪಾದಕರ ಉತ್ತರ:

ನಮಸ್ಕಾರ. ಎರಡೂ ಬೇಡ ಅನ್ನುತ್ತೇನೆ. ಆ ಸಂಸ್ಥೆಯ ಸಮಿತಿಯಲ್ಲಿ ಎಷ್ಟು ಕುರ್ಚಿಗಳಿವೆ, ಅದರಲ್ಲಿ ನಿಮ್ಮೂರಿನವರು ಕೂರುವುದು ಎಷ್ಟರಲ್ಲಿ ಅಂತ ಮೊದಲು ಕೇಳಿ.

ಇದು ನಾನು ಕಂಡುಹಿಡಿದ ಪ್ರಶ್ನೆಯಲ್ಲ. ಅಮೆರಿಕದ ಬಾಸ್ಟನ್ ನಗರದ ರಾಕ್ಸ್‌ಬರಿ ಅನ್ನೋ ಭಾಗದಲ್ಲಿ, ಡಡ್ಲಿ ಬೀದಿಯ ಜನ 1985ರಲ್ಲೇ ಇದನ್ನು ಕೇಳಿದ್ದರು. ಆಗ ಆ ಬೀದಿಯ ಸ್ಥಿತಿ ನಿಮ್ಮ ಕೆರೆಗಿಂತ ಹದಗೆಟ್ಟಿತ್ತು. ಬ್ಯಾಂಕುಗಳು ಸಾಲ ಕೊಡುವುದು ನಿಲ್ಲಿಸಿದ್ದವು. ವಿಮೆಯ ದುಡ್ಡಿಗಾಗಿ ಮಾಲೀಕರೇ ಮನೆಗಳಿಗೆ ಬೆಂಕಿ ಇಡಿಸುತ್ತಿದ್ದರು. ಹೆಚ್ಚೂಕಡಿಮೆ ಮೂರನೇ ಒಂದು ಭಾಗದ ಜಾಗ ಖಾಲಿ ಬಿದ್ದಿತ್ತು, ಸುಮಾರು 1,300 ನಿವೇಶನ. ಖಾಲಿ ಸೈಟು ಕಂಡರೆ ಕಸ ಸುರಿಯುವ ಚಾಳಿ ನಮ್ಮದು ಮಾತ್ರ ಅಂದುಕೊಳ್ಳಬೇಡಿ. ಅಲ್ಲಿಗೂ ಹೊರಗಿನಿಂದ ಲಾರಿಗಳಲ್ಲಿ ಕಸ ಬರುತ್ತಿತ್ತು.

ರೈಲಿ ಫೌಂಡೇಶನ್ ಅನ್ನೋ ದತ್ತಿಸಂಸ್ಥೆ ದುಡ್ಡು ಕೊಡಲು ಮುಂದೆ ಬಂತು. ಆ ಭಾಗದಲ್ಲಿ ಕೆಲಸ ಮಾಡುತ್ತಿದ್ದ ಬೇರೆ ಸಂಸ್ಥೆಗಳ ಜೊತೆ ಕೂತು ಒಂದು ಯೋಜನೆ ಮಾಡಿತು. ಒಳ್ಳೆಯ ಮನಸ್ಸಿನವರೇ, ಅದರಲ್ಲಿ ಅನುಮಾನ ಬೇಡ. ಚರ್ಚಿನಲ್ಲಿ ಸಭೆ ಕರೆದು 23 ಜನರ ಆಡಳಿತ ಮಂಡಳಿಯ ಪಟ್ಟಿ ಓದಿದರು. ಅದರಲ್ಲಿ ಅಲ್ಲಿನ ನಿವಾಸಿಗಳಿಗೆ ಇಟ್ಟಿದ್ದು 4 ಸ್ಥಾನ. ಎದುರಿಗೆ ಕೂತ ಜನ ಸುಮ್ಮನಿರಲಿಲ್ಲ. ಮೇಲೆ ಕೂತಿದ್ದೀರಲ್ಲ, ನಿಮ್ಮಲ್ಲಿ ಈ ಬೀದಿಯಲ್ಲಿ ವಾಸ ಮಾಡುವವರು ಎಷ್ಟು ಜನ, ಕೈ ಎತ್ತಿ ಅಂದರು. ಯಾರೂ ಎತ್ತಲಿಲ್ಲ.

ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಅದರ ಮುಂದಿನ ಭಾಗ. ದುಡ್ಡು ಕೊಡುವವರು ಮುನಿಸಿಕೊಂಡು ಎದ್ದುಹೋಗಲಿಲ್ಲ. ಪಟ್ಟಿಯನ್ನು ಹರಿದುಹಾಕಿ ಹೊಸದು ಮಾಡಲು ಒಪ್ಪಿದರು. ಮಂಡಳಿ 31 ಜನರದ್ದಾಯಿತು, ಹೆಚ್ಚಿನ ಸ್ಥಾನ ನಿವಾಸಿಗಳಿಗೇ ಹೋಯಿತು. ಕರಿಯರು, ಲ್ಯಾಟಿನೊಗಳು, ಕೇಪ್‌ವರ್ಡ್ ದ್ವೀಪಗಳಿಂದ ಬಂದವರು, ಬಿಳಿಯರು ಎಂದು ನಾಲ್ಕು ಗುಂಪುಗಳಿಗೂ ಸಮಸಮ ಸ್ಥಾನ ಇಟ್ಟರು. ಯಾರ ತಲೆ ಎಷ್ಟು ಅಂತ ಎಣಿಸಲಿಲ್ಲ. ಜನ ಓಟು ಹಾಕಿ ತಮ್ಮವರನ್ನು ಆರಿಸಿದರು.

ಮೊದಲು ಕೈಹಾಕಿದ್ದು ದೊಡ್ಡ ಯೋಜನೆಗಲ್ಲ, ಕಸಕ್ಕೆ. ‘ನಮ್ಮ ಮೇಲೆ ಕಸ ಸುರಿಯಬೇಡಿ’ ಅಂತ 1986ರಲ್ಲಿ ಚಳವಳಿ ಶುರುಮಾಡಿ, ಅಕ್ರಮ ಕಸದ ಅಡ್ಡೆಗಳಿಗೆ ನಗರಾಡಳಿತದಿಂದಲೇ ಬಾಗಿಲು ಹಾಕಿಸಿದರು. ಈ ಜನರ ಮಾತಿಗೆ ತೂಕ ಬಂದಿದ್ದು ಅಲ್ಲಿಂದ. 1988ರಲ್ಲಿ ಖಾಲಿ ಬಿದ್ದ ಖಾಸಗಿ ಜಾಗವನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ನಗರ ಇವರಿಗೆ ಕೊಟ್ಟಿತು. ನಮ್ಮಲ್ಲಿ ಭೂಸ್ವಾಧೀನದ ನೋಟಿಸ್ ಅಂದರೆ ಎದೆ ಧಸಕ್ ಅನ್ನುತ್ತದೆ. ಅಲ್ಲಿ ಬೀದಿಯ ಜನವೇ ನೋಟಿಸ್ ಕೊಡುವ ಕಡೆ ನಿಂತರು.

ಆದರೆ ಇದು ಬರೀ ಘೋಷಣೆ ಕೂಗಿ ಆದ ಕೆಲಸವಲ್ಲ. ವಕೀಲರು ಬೇಕಾಯಿತು, ನಕ್ಷೆ ಮಾಡುವವರು ಬೇಕಾಯಿತು. ಜಾಗ ಕೊಳ್ಳಲು ಫೋರ್ಡ್ ಫೌಂಡೇಶನ್ 20 ಲಕ್ಷ ಡಾಲರ್ ಸಾಲ ಕೊಟ್ಟಿತು. ಮನೆಮನೆ ಬಾಗಿಲು ತಟ್ಟುವುದನ್ನೇ ಕೆಲಸ ಮಾಡಿಕೊಂಡವರಿಗೆ ಸಂಬಳ ಬೇಕಾಯಿತು. ಸಂಜೆ ಡ್ಯೂಟಿ ಮುಗಿಸಿ ಬರುವ ನಿವಾಸಿಗಳಿಂದ ಇದಿಷ್ಟೂ ಆಗುವುದಿಲ್ಲ, ಅಲ್ವಾ? ಸಂಸ್ಥೆಗಳು ಬೇಕಾಗುವುದು ಇಲ್ಲಿ. ಹಾಗಾಗಿಯೇ ಅವರನ್ನು ಓಡಿಸಿ ಅಂತ ನಾನು ಹೇಳುತ್ತಿಲ್ಲ.

ಊರು ಚೆಂದವಾದರೆ ಬಾಡಿಗೆ ಏರುತ್ತದೆ, ಚೆಂದ ಮಾಡಿದವರೇ ಖಾಲಿ ಮಾಡಿ ಹೋಗಬೇಕಾಗುತ್ತದೆ. ಈ ಭಯಕ್ಕೂ ಡಡ್ಲಿಯವರು ಒಂದು ದಾರಿ ಮಾಡಿಕೊಂಡರು. ಜಾಗವನ್ನು ತಾವೇ ಕಟ್ಟಿಕೊಂಡ ಟ್ರಸ್ಟಿನ ಹೆಸರಿನಲ್ಲೇ ಉಳಿಸಿ 99 ವರ್ಷದ ಗುತ್ತಿಗೆಗೆ ಕೊಟ್ಟರು. ಮನೆ ಮಾತ್ರ ಮಾಲೀಕರದ್ದು. ಮಾರಬಹುದು, ಆದರೆ ಬಾಯಿಗೆ ಬಂದ ಬೆಲೆಗಲ್ಲ. ಹೀಗೆ 225ಕ್ಕೂ ಹೆಚ್ಚು ಮನೆಗಳು ಎದ್ದಿವೆ.

ಬಾಸ್ಟನ್ ಎಲ್ಲಿ, ನಮ್ಮೂರೆಲ್ಲಿ ಅನ್ನುತ್ತೀರಿ. ಸರಿ, ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಗೆ ಒಂದು ಸಲ ಹೋಗಿ ಬನ್ನಿ. 48 ಎಕರೆಯ ಕೆರೆ. ಕೊಳಚೆ ಸೇರಿ ಹಾಳಾಗಿದ್ದದ್ದು, ಸುತ್ತಲಿನ ಜನ ಮತ್ತು ಪಾಲಿಕೆ ಸೇರಿದ ಮೇಲೆ 2009ರಿಂದ 2011ರ ಹೊತ್ತಿಗೆ ಮತ್ತೆ ಕೆರೆಯಾಯಿತು. ಆಮೇಲೆ ನೋಡಿಕೊಳ್ಳಲು ಅಲ್ಲಿನವರೇ ಟ್ರಸ್ಟ್ ಕಟ್ಟಿಕೊಂಡರು. ವಾಕಿಂಗ್ ದಾರಿ ಬಂತು. ಜೊತೆಗೆ ದನಕ್ಕೆ ಹುಲ್ಲು ಕೊಯ್ಯುವುದಕ್ಕೂ ಜಾಗ ಉಳಿಯಿತು. ನಿಮ್ಮ ಬೇಲಿಯ ಪ್ರಶ್ನೆಗೆ ಇದನ್ನೇ ತೋರಿಸಿ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಸುಧಾರಣೆಯಾದ ಕೆರೆಗಳ ಫೋಟೋಗಳನ್ನು ಈ ಪತ್ರಿಕೆಯೂ ಸಂಭ್ರಮದಿಂದ ಹಾಕಿದೆ. ಬೆಂಚು, ಬಾತುಕೋಳಿ, ರಿಬ್ಬನ್ ಕತ್ತರಿಸುವ ಕೈ ಎಲ್ಲ ಇರುತ್ತವೆ. ಅಲ್ಲಿ ಮೊದಲು ಹುಲ್ಲು ಕೊಯ್ಯುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ ಅಂತ ನಾವು ಕೇಳಿದ್ದು ಕಡಿಮೆ.

ಇನ್ನು ನೀವು ಮಾಡಬಹುದಾದದ್ದು. ಆ ಹಾಜರಿ ಪಟ್ಟಿ ಒಪ್ಪಿಗೆಯಲ್ಲ ಎಂದು ಒಂದು ಕಾಗದ ಬರೆದು, ಸಹಿ ಹಾಕಿದವರೇ ಮತ್ತೆ ಸಹಿ ಮಾಡಿ, ಸಂಸ್ಥೆಗೂ ಪಾಲಿಕೆ ಅಥವಾ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಯೋಜನೆಯ ಪ್ರತಿಯನ್ನು ಕನ್ನಡದಲ್ಲಿ ಕೇಳಿ. ಸಮಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಥಾನ ಊರಿನವರಿಗೆ ಬೇಕೆಂದು ಬರವಣಿಗೆಯಲ್ಲೇ ಕೇಳಿ. ಅದರಲ್ಲಿ ಅಪಾರ್ಟ್‌ಮೆಂಟಿನವರೂ ಇರಲಿ, ಬಾಡಿಗೆಯವರೂ ಇರಲಿ, ದನ ಕಟ್ಟುವವರೂ ಇರಲಿ. ಬರೀ ಹಳಬರೇ ತುಂಬಿಕೊಂಡರೆ ನೀವೂ ಆ 23ರ ಪಟ್ಟಿಯನ್ನೇ ಬೇರೆ ಹೆಸರಲ್ಲಿ ಮಾಡಿದ ಹಾಗಾಗುತ್ತದೆ.

ಹಾಂ, ಸಭೆಯ ಹೊತ್ತು. ಸಂಜೆ ಐದೂವರೆ ಅಂದರೆ ಹಾಲು ಕರೆದು ಡೇರಿಗೆ ಹಾಕುವ ಸಮಯ. ಹುಲ್ಲಿನ ಬಗ್ಗೆ ಮಾತಾಡಬೇಕಾದವರು ಅವತ್ತು ಕೊಟ್ಟಿಗೆಯಲ್ಲಿದ್ದರು. ಮುಂದಿನ ಸಭೆಯನ್ನು ಎಂಟು ಗಂಟೆಗೆ ಇಡಲು ಹೇಳಿ.