ಚಪ್ಪಲಿಯ ಸದ್ದಿಗೆ ಬದಲಾದ ದನಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. 35ರ ಆಸುಪಾಸಿನ ಆ ವ್ಯಕ್ತಿ ಕುರ್‌ಆನನ್ನು ಸೊಗಸಾಗಿ ಓದುತ್ತಿದ್ದರು. ಇಮಾಮರಿಲ್ಲದ ದಿನ ಮಸ್ಜಿದಿನಲ್ಲಿ ನಮಾಝಿಗೆ ಮುಂದೆ ನಿಲ್ಲುವ ಹೊಣೆ ಅವರದಾಗಿತ್ತು. ನನ್ನ ಬಳಿಗೆ ಸಲಹೆ ಕೇಳಿ ಬರುವ ಹೊತ್ತಿಗೆ ಅದನ್ನು ಬಿಟ್ಟು ನಾಲ್ಕು ತಿಂಗಳಾಗಿತ್ತು, ಜಮಾಅತಿಗೆ (ಸಾಮೂಹಿಕ ನಮಾಝಿಗೆ) ಹೋಗುವುದೂ ಕಡಿಮೆಯಾಗಿತ್ತು. ಒಂದು ಇಶಾ (ರಾತ್ರಿಯ) ನಮಾಝಿನಲ್ಲಿ ಬಾಗಿಲ ಬಳಿ ಚಪ್ಪಲಿ ಕಳಚಿದ ಸದ್ದು ಕೇಳಿ, ಬಂದವರು ಯಾರೋ ದೊಡ್ಡವರಿರಬೇಕು ಎನ್ನಿಸಿದ್ದೇ ತಡ, ತಮ್ಮ ದನಿ ತಾನಾಗಿಯೇ ಇಂಪಾಗಿ ಆಯತ್ತಿನ (ಕುರ್‌ಆನ್ ವಾಕ್ಯದ) ಕೊನೆಯನ್ನು ಎಂದಿಗಿಂತ ಉದ್ದಕ್ಕೆ ಎಳೆದದ್ದು ಅವರ ಅರಿವಿಗೆ ಬಂದಿತ್ತು. “ಆ ಹೊತ್ತಿನ ನಮಾಝ್ ಚಪ್ಪಲಿಗೆ ಸಂದಿತು” ಎಂದರು.

ಮಾಡಿದ ನಮಾಝನ್ನೇ ಮತ್ತೆ ಮತ್ತೆ ಮಾಡುತ್ತೀರಾ, ವುಝೂ (ನಮಾಝಿಗೆ ಮುಂಚಿನ ಅಂಗಶುದ್ಧಿ) ಎಷ್ಟು ಮಾಡಿದರೂ ಸಮಾಧಾನವಾಗುವುದಿಲ್ಲವೇ, ನಿದ್ದೆ ಹೇಗಿದೆ ಎಂದು ಮೊದಲು ವಿಚಾರಿಸಿದೆ. ವಸ್‌ವಾಸ್, ಅಂದರೆ ಮತ್ತೆ ಮತ್ತೆ ಕಾಡುವ ಶಂಕೆ, ಗೀಳಿನ ಕಾಯಿಲೆಯಾಗಿ ಬೆಳೆದಿದ್ದರೆ ಮನೋವೈದ್ಯರ ನೆರವು ಬೇಕಾಗುತ್ತದೆ. ಅಂಥ ಲಕ್ಷಣಗಳಿರಲಿಲ್ಲ.

ಅವರ ಅಂಜಿಕೆಗೆ ಆಧಾರವಿಲ್ಲವೆಂದು ನಾನು ಹೇಳಲಿಲ್ಲ. ತೋರಿಕೆಗಾಗಿ ನಮಾಝ್ ಮಾಡುವವರನ್ನು ಕುರ್‌ಆನಿನ 107ನೆಯ ಸೂರಾ ಅಲ್ ಮಾಊನ್ ಎಚ್ಚರಿಸುತ್ತದೆ. ಪ್ರವಾದಿಯವರು (ಸ) ರಿಯಾವನ್ನು, ಅಂದರೆ ಈ ತೋರಿಕೆಯನ್ನು, ಕಿರಿಯ ಶಿರ್ಕ್ (ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸುವುದು) ಎಂದು ಕರೆದಿದ್ದಾರೆ. ಆದರೆ ಇದಕ್ಕೆ ಈ ವ್ಯಕ್ತಿ ಕಂಡುಕೊಂಡ ಪರಿಹಾರವೇ ತಪ್ಪಾಗಿತ್ತು. ಜನರಿಗಾಗಿ ಕರ್ಮವನ್ನು ತೊರೆಯುವುದು ರಿಯಾ, ಜನರಿಗಾಗಿ ಮಾಡುವುದು ಶಿರ್ಕ್, ಎರಡರಿಂದಲೂ ಅಲ್ಲಾಹನು ಕಾಪಾಡಿದರೆ ಅದೇ ಇಖ್ಲಾಸ್ (ಅಲ್ಲಾಹನಿಗಾಗಿ ಮಾತ್ರ ಎಂಬ ಶುದ್ಧ ಉದ್ದೇಶ) ಎಂಬ ಅರ್ಥದ ಮಾತು ಹಿಂದಿನ ಕಾಲದ ವಿರಕ್ತ ವಿದ್ವಾಂಸ ಫುಝೈಲ್ ಇಬ್ನ್ ಇಯಾಝರದು (ರ). ಹಿಂದೆ ನಿಂತವರಿಗಾಗಿ ದನಿ ಎಳೆದವರು ಈಗ ಅದೇ ಜನರನ್ನು ನೆನೆದು ಮಸ್ಜಿದಿಗೆ ಬೆನ್ನು ಹಾಕಿದ್ದರು. ಎರಡು ಸಲವೂ ಲೆಕ್ಕಕ್ಕೆ ಬಂದದ್ದು ಜನರೇ.

ಇದಕ್ಕಿಂತ ನನ್ನ ಗಮನ ಸೆಳೆದದ್ದು ಬೇರೆ. ಮುಂದೆ ನಿಲ್ಲುವುದನ್ನು ಬಿಟ್ಟ ಕಾರಣ ಯಾರಿಗೂ ಹೇಳಿಲ್ಲ ಎಂಬುದನ್ನು ಅವರು ಒಂದೇ ಗಂಟೆಯಲ್ಲಿ ನನಗೆ ಮೂರು ಸಲ ಹೇಳಿದರು. ದಾನ ಕೊಡುವ ಚಿತ್ರ ತೆಗೆಸಿಕೊಳ್ಳುವವರ ಮಾತು ಬಂದಾಗ ಅವರ ತುಟಿ ಕೊಂಕಿತು. ಕೆದಕಿ ಕೇಳಿದ ಮೇಲೆ ಇನ್ನೊಂದು ಸಂಗತಿ ಹೊರಬಿತ್ತು: ಆ ಇಶಾ ನಮಾಝಿನ ಬಳಿಕ ಹದಿಹರೆಯದ ವಿದ್ಯಾರ್ಥಿಯೊಬ್ಬ ಬಂದು, ಒಂದು ಅಕ್ಷರದ ಉಚ್ಚಾರಣೆ ತಪ್ಪಿತೆಂದು ಮೆಲ್ಲಗೆ ಹೇಳಿದ್ದ. “ಅವನಿಗೇನು ಗೊತ್ತು” ಎಂದುಕೊಂಡು ಹೊರಟುಬಂದಿದ್ದರು, ಅವನು ಹೇಳಿದ್ದು ಸರಿಯೆಂದು ಗೊತ್ತಿದ್ದೂ.

ಸಹೀಹ್ ಮುಸ್ಲಿಮ್ ಎಂಬ ಸಂಗ್ರಹದ ಒಂದು ಹದೀಸನ್ನು (ಪ್ರವಾದಿ ವಚನವನ್ನು) ಅವರ ಬಾಯಿಂದಲೇ ಹೇಳಿಸಿದೆ. ಅಣುವಿನಷ್ಟು ಅಹಂಕಾರ ಹೃದಯದಲ್ಲಿರುವವನು ಸ್ವರ್ಗ ಪ್ರವೇಶಿಸಲಾರನೆಂದು ಕೇಳಿ, ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಬಯಸುವುದೂ ಅಹಂಕಾರವೇ ಎಂದು ಒಬ್ಬರು ವಿಚಾರಿಸಿದಾಗ, ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು, ಅಹಂಕಾರವೆಂದರೆ ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂದು ಪ್ರವಾದಿಯವರು (ಸ) ಉತ್ತರಿಸಿದರು. ಅದನ್ನು ಹೇಳುತ್ತಿದ್ದ ಈ ವ್ಯಕ್ತಿಯ ಮಾತು ಕೊನೆಯ ವಾಕ್ಯಕ್ಕೆ ಬರುವಾಗ ನಿಧಾನವಾಯಿತು. ನಾನು ವಿವರಣೆಗೆ ಹೋಗಲಿಲ್ಲ. ಇಂಥ ಕಡೆ ಸಲಹೆಗಾರರು ಬಾಯಿ ಹಾಕಿ ಕೆಲಸ ಕೆಡಿಸುವುದೇ ಹೆಚ್ಚು, ಹಿಂದೆ ನಾನೂ ಕೆಡಿಸಿದ್ದೇನೆ.

ಮರುದಿನದಿಂದಲೇ ಜಮಾಅತಿಗೆ ಹೋಗಬೇಕು, ಕರೆದರೆ ಮುಂದೆ ನಿಲ್ಲಬೇಕು ಎಂದು ಸಲಹೆ ಕೊಟ್ಟೆ. ಯಾರೋ ಬಂದರೆಂದು ಮನಸ್ಸು ಅತ್ತ ಹೊರಳಿದರೆ ಓದನ್ನು ನಿಲ್ಲಿಸುವುದೂ ಬೇಡ, ಚೆಂದಗೊಳಿಸುವುದೂ ಬೇಡ, ಶುರುಮಾಡಿದ ಅಳತೆಯಲ್ಲೇ ಮುಗಿಸಲಿ. ಬಯಸದೆ ಬಂದ ಹೊಗಳಿಕೆಗೆ ಹೆದರಬೇಕಿಲ್ಲ, ಅದನ್ನು ವಿಶ್ವಾಸಿಗೆ ಮುಂಚಿತವಾಗಿ ಸಿಗುವ ಶುಭವಾರ್ತೆಯೆಂದೇ ಹದೀಸ್ ಹೇಳುತ್ತದೆ. ಹೆಂಡತಿಗೂ, ನನಗೂ ತಿಳಿಯದಂತೆ ಒಂದು ಸತ್ಕರ್ಮವನ್ನು ಇಟ್ಟುಕೊಳ್ಳಲಿ. ಮುಂದಿನ ಭೇಟಿಯಲ್ಲಿ ಅದರ ವರದಿ ಒಪ್ಪಿಸುವುದು ಬೇಡ. ಕೊನೆಯದಾಗಿ, ಆ ಹುಡುಗನ ಎದುರು ಕುಳಿತು ಅದೇ ಆಯತ್ತನ್ನು ಓದಿ ತಿದ್ದಿಸಿಕೊಳ್ಳಬೇಕು. ಇದಕ್ಕೆ ಮಾತ್ರ ಅವರು ಬಹಳ ಹೊತ್ತು ಉತ್ತರಿಸಲಿಲ್ಲ.

ಮೂರು ವಾರಗಳ ಬಳಿಕ ಬಂದಾಗ ನಾನು ಕೇಳುವ ಮೊದಲೇ ನಕ್ಕರು. ಆ ಅಕ್ಷರ ಸರಿಹೋಯಿತಂತೆ. ಹುಡುಗ ಇನ್ನೂ ಎರಡು ತಪ್ಪು ಹಿಡಿದಿದ್ದನಂತೆ.