ಹಸಿರೊಂದು, ಕೆಂಪೊಂದು: ಇವು ಜೋಡಿ ಗಿಳಿಗಳಾ?

ಪ್ರಶ್ನೆ: ಹೈದರಾಬಾದಿನ ಪಕ್ಷಿ ಅಂಗಡಿಯಲ್ಲಿ ಎರಡು ದೊಡ್ಡ ಗಿಳಿ ನೋಡಿದೆ ಸರ್. ಒಂದು ಅಪ್ಪಟ ಹಸಿರು, ಇನ್ನೊಂದು ಕೆಂಪು-ನೀಲಿ. ‘ಎಕ್ಲೆಕ್ಟಸ್, ಜೋಡಿ’ ಅಂದರು. ನಿಜಾನಾ, ಇಲ್ಲ ಎರಡು ಜಾತಿ ಸೇರಿಸಿ ಮಾರ್ತಿದ್ದಾರಾ? ಇವು ಎಲ್ಲಿಯವು? ನಮ್ಮ ಬಿಸಿಲಿಗೆ ತಡೀತಾವಾ?
– ಓದುಗರು, ಕಲಬುರಗಿ

ಉತ್ತರ: ಅಂಗಡಿಯವರು ಹೇಳಿದ್ದು ನಿಜ. ಹಸಿರು ಗಂಡು, ಕೆಂಪು ಹೆಣ್ಣು. ನಿಮಗೆ ಬಂದ ಅನುಮಾನ ಯುರೋಪಿನ ಪಕ್ಷಿತಜ್ಞರಿಗೂ ಬಂದಿತ್ತು. 1870ರ ದಶಕದವರೆಗೆ ಅವರು ಇವನ್ನು ಎರಡು ಬೇರೆ ಜಾತಿ ಅಂತಲೇ ಬರೆದಿಟ್ಟಿದ್ದರು.

ಉದ್ದ ಸುಮಾರು 35 ಸೆಂ.ಮೀ. ಬಾಲ ಗಿಡ್ಡ, ಮೈ ದಪ್ಪ. ಗಂಡಿನ ಮೇಲಿನ ಕೊಕ್ಕು ಕಿತ್ತಳೆ ಬಣ್ಣ, ತುದಿ ಹಳದಿ. ರೆಕ್ಕೆ ಬಿಚ್ಚಿದರೆ ಅಡಿಯಲ್ಲಿ ಕೆಂಪು ಕಾಣುತ್ತದೆ. ಹೆಣ್ಣಿನ ಕೊಕ್ಕು ಪೂರಾ ಕಪ್ಪು, ತಲೆ ಕೆಂಪು, ಹೊಟ್ಟೆ ನೀಲಿ ಅಥವಾ ನೇರಳೆ. ದ್ವೀಪ ಬದಲಾದಂತೆ ಈ ಬಣ್ಣಗಳೂ ಸ್ವಲ್ಪ ಬದಲಾಗುತ್ತವೆ. ನ್ಯೂಗಿನಿ, ಇಂಡೋನೇಷ್ಯಾದ ಮಲುಕು ದ್ವೀಪಗಳು, ಸಾಲೊಮನ್ ದ್ವೀಪಗಳು, ಆಸ್ಟ್ರೇಲಿಯಾದ ಉತ್ತರ ತುದಿಯ ಕೇಪ್ ಯಾರ್ಕ್, ಇವೇ ಇವುಗಳ ನೆಲೆ. ಎಲ್ಲವೂ ಮಳೆಕಾಡಿನ ಜಾಗ.

ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳಿದರೆ, ಎಲ್ಲಾ ಮರದ ಪೊಟರೆಯ ಮಹಿಮೆ. ರಾಬರ್ಟ್ ಹೈನ್‌ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕೇಪ್ ಯಾರ್ಕ್ ಕಾಡಿನಲ್ಲಿ ವರ್ಷಗಟ್ಟಲೆ ಇದನ್ನೇ ನೋಡಿದರು. ಎತ್ತರದ ಮರದಲ್ಲಿ, ಮಳೆ ನೀರು ನಿಲ್ಲದ ಒಳ್ಳೆ ಪೊಟರೆ ಸಿಗುವುದು ಕಷ್ಟ. ಸಿಕ್ಕ ಹೆಣ್ಣು ಅದನ್ನು ಬಿಟ್ಟು ಕದಲುವುದಿಲ್ಲ, ವರ್ಷದಲ್ಲಿ ಒಂಬತ್ತು ತಿಂಗಳಿಗೂ ಜಾಸ್ತಿ ಅಲ್ಲೇ ಠಿಕಾಣಿ. ಬಾಗಿಲಲ್ಲಿ ಕೂತರೆ ಆ ಕೆಂಪು ದೂರಕ್ಕೇ ಎದ್ದು ಕಾಣುತ್ತದೆ: ಜಾಗ ಖಾಲಿ ಇಲ್ಲ, ಬರಬೇಡಿ. ಆದರೂ ಬಂದ ಹೆಣ್ಣಿನ ಜೊತೆ ಜಗಳ ಕೆಲವೊಮ್ಮೆ ಸಾವಿನವರೆಗೂ ಹೋಗುತ್ತದೆ. ಗಿಡುಗ ಬಂದರೆ ಒಳಗೆ ನುಗ್ಗಿದರಾಯಿತು.

ಗಂಡಿಗೆ ಆ ಸವಲತ್ತಿಲ್ಲ. ಹಣ್ಣು ಹುಡುಕುತ್ತಾ ಕಾಡೆಲ್ಲ ತಿರುಗಬೇಕು, ಎಲೆಯೊಳಗೆ ಮರೆಯಾಗಬೇಕು. ಅದಕ್ಕೇ ಹಸಿರು. ಒಂದೇ ಹೆಣ್ಣಿಗೆ ಹಲವು ಗಂಡುಗಳು ತುತ್ತು ತಂದುಕೊಡುವುದೂ ಉಂಟು! ನಮ್ಮ ಕೋಟೆ ಗೋಡೆಯ ಬಿರುಕಲ್ಲಿ, ಬೇವಿನ ಪೊಟರೆಯಲ್ಲಿ ಇರುವ ಗಿಳಿಗಳಲ್ಲಿ ಕತ್ತಿನ ಉಂಗುರ ಕಂಡರೆ ಗಂಡು ಅಂತ ಗುರುತು, ಅಷ್ಟೇ. ಉಳಿದಂತೆ ಎರಡೂ ಹಸಿರು.

ಇನ್ನು ಬಿಸಿಲಿನ ಮಾತು. ಮೇ ತಿಂಗಳಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣ. ಇವು ತೇವದ ಕಾಡಿನ ಹಕ್ಕಿಗಳು. ಜೊತೆಗೆ ಹೊಟ್ಟೆಯ ತಕರಾರು ಬೇರೆ: ಇವಕ್ಕೆ ಹಣ್ಣು-ತರಕಾರಿ ದಿನಾ ಬೇಕು. ಬರೀ ಸೂರ್ಯಕಾಂತಿ ಬೀಜ ಹಾಕಿದರೆ ಕಾಯಿಲೆ ಬೀಳುತ್ತವೆ. ಒಂಟಿಯಾಗಿ, ಬೇಜಾರಾಗಿ ಇದ್ದರೆ ತಮ್ಮ ಪುಕ್ಕ ತಾವೇ ಕೀಳುತ್ತವೆ. ನನ್ನನ್ನು ಕೇಳಿದರೆ ಸಾಕಬೇಡಿ.

ತಂದೇ ತರುತ್ತೇನೆ ಅಂದರೆ ಕಾಗದಪತ್ರ ಗಮನಿಸಿ. 2024ರ ನಿಯಮದ ಪ್ರಕಾರ ಇಂಥ ವಿದೇಶಿ ಹಕ್ಕಿಯನ್ನು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮೂರ ಹಸಿರು ಗಿಳಿಗೆ ಆ ದಾರಿಯೂ ಇಲ್ಲ. ಅದನ್ನು ಪಂಜರದಲ್ಲಿ ಇಡುವುದೇ ಅಪರಾಧ.