ಪಕ್ಕದ ಮನೆ ಡಬ್ಬಿಗಿರೋ ಮರ್ಯಾದೆ

ಮೈಸೂರಿನ ಓದುಗರೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಮ್ಮನೇಲಿ ಐದು ಜನ. ನಾನು, ಯಜಮಾನ್ರು, ಕಾಲೇಜಿಗೆ ಹೋಗೋ ಇಬ್ಬರು ಗಂಡುಮಕ್ಕಳು, 78 ವರ್ಷದ ಅತ್ತೆ. ಅತ್ತೆ ಒಬ್ಬರನ್ನ ಬಿಟ್ಟು ಮಿಕ್ಕ ಮೂರು ಜನಕ್ಕೂ ಒಂದೇ ಚಾಳಿ, ಏನನ್ನೂ ಪೂರ್ತಿ ಖಾಲಿ ಮಾಡಲ್ಲ. ಚಟ್ನಿಪುಡಿ ಡಬ್ಬೀಲಿ ಅರ್ಧ ಚಮಚ, ಹಾಲಿನ ಪಾತ್ರೇಲಿ ಒಂದು ಗುಟುಕು, ದೋಸೆಹಿಟ್ಟಿನ ಪಾತ್ರೇಲಿ ಅರ್ಧ ಸೌಟು ಬಿಟ್ಟು ಹಾಗೇ ಮುಚ್ಚಿಡ್ತಾರೆ. ಖಾಲಿ ಮಾಡಿದ್ರೆ ತೊಳೀಬೇಕಲ್ಲ, ಇಲ್ಲಾ ತುಂಬಿಸಬೇಕಲ್ಲ! ಉಪ್ಪಿನಕಾಯಿ ಜಾಡಿಗೆ ಮೊಸರನ್ನದ ಚಮಚಾನೇ ಇಳಿಸ್ತಾರೆ. ಬೆಳಿಗ್ಗೆ ಎದ್ದು ಫಿಲ್ಟರ್ ತೆಗೆದ್ರೆ ಡಿಕಾಕ್ಷನ್ ತಳ ಒದ್ದೆ ಆಗೋಷ್ಟು. ಜಗಳ ಆಡಿ ಸಾಕಾಗಿ ಹೋದ ತಿಂಗಳಿಂದ ಕೋಡುಬಳೆ ಡಬ್ಬೀನ ರಾಗಿಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡ್ತಿದೀನಿ. ಯಜಮಾನ್ರಿಗೆ ಸಿಕ್ಕಿಬಿಡ್ತು. 'ಸ್ವಂತ ಮನೇಲಿ ತಿನ್ನೋ ಪದಾರ್ಥ ಬಚ್ಚಿಡೋದು ಸಣ್ಣತನ, ಇಷ್ಟಕ್ಕೆಲ್ಲ ರಂಪ ಮಾಡ್ತಾರಾ' ಅಂತಾರೆ. ಅತ್ತೆ ಮಾತ್ರ ಮೆಲ್ಲಗೆ ಕರೆದು 'ನಂಗೊಂದೆರಡು ಎತ್ತಿಡು' ಅಂದ್ರು, ಅವರಿಗೆ ಹಲ್ಲೇ ಇಲ್ಲ. ಇದರಲ್ಲಿ ತಪ್ಪು ನಂದಾ?"

ಸಂಪಾದಕರ ಉತ್ತರ:

ಮೇಡಂ, ನಮಗೆ ಬರೋ ಕಾಗದಗಳಲ್ಲಿ ಅರ್ಧ ರಾಜಕೀಯ, ಮಿಕ್ಕಿದ್ದು ನನ್ನ ಕವನ ಯಾಕೆ ಹಾಕ್ಲಿಲ್ಲ ಅನ್ನೋ ಬೈಗುಳ. ಅಂಥ ರಾಶಿ ಮಧ್ಯೆ ನಿಮ್ಮ ಪತ್ರ ಸಿಕ್ಕಿದ್ದು, ಮೊಸರನ್ನದಲ್ಲಿ ದಾಳಿಂಬೆ ಕಾಳು ಸಿಕ್ಕಿದ ಹಾಗಾಯ್ತು. ಈ ವಿಷಯದ ಮೇಲೆ ನಂಗೆ ಇಪ್ಪತ್ತು ವರ್ಷದಿಂದ ಹೊಟ್ಟೆಯುರಿ ಇದೆ, ಬರೆಯೋಕೆ ನೆಪ ಸಿಕ್ಕಿರಲಿಲ್ಲ ಅಷ್ಟೆ.

ಮೊದಲು ನಿಮ್ಮ ಯಜಮಾನ್ರಿಗೆ ಸಲ್ಲಬೇಕಾದ್ದು ಸಲ್ಲಿಸಿಬಿಡ್ತೀನಿ. ಚಟ್ನಿಪುಡಿ ಸಣ್ಣ ವಿಷಯಾನೇ, ಒಪ್ಪಿದೆ. ಸಂತೆಗೆ ಹೋಗಿ ತರಕಾರಿ ತರೋದು, ಕರೆಂಟ್ ಬಿಲ್ ಕಟ್ಟೋದು ಅವರೇ ಇರಬಹುದು, ಅದನ್ನೂ ಒಪ್ಪಿದೆ. ಅವರ ಪರವಾಗಿ ಹೇಳೋಕೆ ನನ್ನ ಹತ್ರ ಇದ್ದಿದ್ದು ಇಷ್ಟೇ.

ಈಗ ವಿಷಯಕ್ಕೆ ಬರೋಣ. ಪಕ್ಕದ ಮನೆಯವರು ಹಬ್ಬಕ್ಕೆ ಹೋಳಿಗೆನೋ ಪಾಯಸಾನೋ ಡಬ್ಬೀಲಿ ಹಾಕಿ ಕಳಿಸಿದ್ರೆ ನೀವು ಆ ಡಬ್ಬಿ ಖಾಲಿ ವಾಪಸ್ ಕೊಡ್ತೀರಾ? ಕೊಡಲ್ಲ. ಏನೂ ಇಲ್ದಿದ್ರೆ ಒಂದು ಹಿಡಿ ಸಕ್ಕರೆ, ಎರಡು ಬಾಳೆಹಣ್ಣಾದ್ರೂ ಹಾಕಿ ಕಳಿಸ್ತೀರಿ. ನಿಮ್ಮ ಯಜಮಾನ್ರಿಗೂ ಈ ರೂಢಿ ಚೆನ್ನಾಗಿ ಗೊತ್ತಿರುತ್ತೆ, ಹೇಳಿಕೊಟ್ಟೋರು ಅದೇ ನಿಮ್ಮ ಅತ್ತೆ ಇರ್ತಾರೆ. ಅಂದ್ರೆ ಪಕ್ಕದ ಮನೆಯವರ ಡಬ್ಬಿ ತುಂಬಿಸಿ ಕೊಡಬೇಕು, ಅದೇ ನಮ್ಮನೆ ಹೆಂಗಸಿನ ಡಬ್ಬಿ ಮಾತ್ರ ಅರ್ಧ ಚಮಚ ಪುಡಿ ಸಮೇತ ಶೆಲ್ಫಿಗೆ ವಾಪಸ್ ಹೋಗಬಹುದು. ಈ ನ್ಯಾಯ ಎಲ್ಲಿಂದ ಬಂತು ಅಂತ ನಂಗೆ ಇವತ್ತಿನವರೆಗೂ ತಿಳಿದಿಲ್ಲ.

ಇನ್ನೊಂದು ನೋಡಿ. ಹಳಬರು 'ಅಕ್ಕಿ ಖಾಲಿ' ಅನ್ನೋಕೆ ಬಿಡ್ತಿರಲಿಲ್ಲ, 'ಅಕ್ಕಿ ತುಂಬಿದೆ' ಅನ್ನಬೇಕಿತ್ತು. ದೀಪ ಆರಿಸು ಅನ್ನಬಾರದು, ಹೋಗ್ತೀನಿ ಅನ್ನಬಾರದು ಹೋಗಿಬರ್ತೀನಿ ಅನ್ನಬೇಕು, ಆ ಪೈಕಿ ಇದೂ ಒಂದು. ಚಿಕ್ಕವನಿದ್ದಾಗ ನಾನು ಇದನ್ನ ಆಡಿಕೊಂಡು ನಗ್ತಿದ್ದೆ, ಡಬ್ಬ ಬರಿದಾಗಿದೆ ಇವರು ತುಂಬಿದೆ ಅಂತಾರಲ್ಲ ಅಂತ. ಈಗ ಅನ್ಸುತ್ತೆ, ಶಕುನದ ಮಾತು ಹೇಗಾದ್ರೂ ಇರಲಿ, ಅವರು ಬಾಯಿಬಿಟ್ಟು ಹೇಳ್ತಿದ್ರಲ್ಲ! ಕೊನೇ ಪಾವು ತೆಗೆದೋರು ಅಡುಗೆಮನೆ ಬಾಗಿಲಲ್ಲಿ ನಿಂತು ಕೂಗಿ ಹೇಳೋರು. ನಾವು ಮಾತು ಬದಲಾಯಿಸೋ ಶಾಸ್ತ್ರ ಬಿಟ್ವಿ ಸರಿ, ಜೊತೆಗೆ ಹೇಳೋದನ್ನೂ ಬಿಟ್ಟುಬಿಟ್ವಿ.

ಉಪ್ಪಿನಕಾಯಿ ವಿಷಯಕ್ಕೆ ಬಂದ್ರೆ ನನ್ನ ಬಿಪಿ ಏರುತ್ತೆ. ನಮ್ಮದು ಸಾಗರದ ಕಡೆ ಊರು, ಅಪ್ಪೆಮಿಡಿ ಊರು. ಆ ಎಳೇ ಮಾವಿನಕಾಯಿಗೆ, ಇದು ಈ ಸೀಮೆಯದೇ ಅಂತ ಗುರುತಿಸೋ ಜಿಐ ಟ್ಯಾಗ್ ಬೇರೆ ಸಿಕ್ಕಿದೆ, ಆದ್ರೆ ಟ್ಯಾಗ್ ಬರೋಕೆ ಮುಂಚೆನೂ ನಮ್ಮಮ್ಮ ಅದಕ್ಕೆ ದೇವರಿಗಿಂತ ಒಂದು ಕೈ ಜಾಸ್ತಿ ಮರ್ಯಾದೆ ಕೊಡ್ತಿದ್ರು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾಗಬಾರದು, ತೊಟ್ಟಿರಬೇಕು, ಸೊನೆ ಹೋಗಬಾರದು, ಪರಿಮಳ ಎಲ್ಲ ಅದರಲ್ಲೇ ಇರೋದು. ಕಲ್ಲುಪ್ಪಲ್ಲಿ ಹಾಕಿಟ್ಟು ಮಿಡಿ ನೀರುಬಿಟ್ಟು ಚಿರುಟಿದ ಮೇಲೆ, ಅದೇ ಉಪ್ಪುನೀರಲ್ಲಿ ಸಾಸಿವೆ ಮೆಣಸಿನಕಾಯಿ ರುಬ್ಬಿ ಕಲಸಿ ಜಾಡಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದ್ರೆ ಮುಗೀತು, ಆ ಜಾಡಿ ಹತ್ರ ಅಮ್ಮನ್ನ ಬಿಟ್ಟು ಇನ್ಯಾರೂ ಸುಳಿಯೋ ಹಾಗಿಲ್ಲ. ಸ್ನಾನ ಮಾಡಿ, ಕೈ ಒರೆಸಿಕೊಂಡು, ಒಣಗಿದ ಸೌಟಲ್ಲಿ ವಾರಕ್ಕೆ ಬೇಕಾದಷ್ಟು ಸಣ್ಣ ಭರಣಿಗೆ ತೆಗೀತಿದ್ರು. ನಾವು ಮಡಿ ಮೈಲಿಗೆ ಅಂತ ತಮಾಷೆ ಮಾಡ್ತಿದ್ವಿ. ಅದರಲ್ಲಿ ಅರ್ಧ ಮಡಿ ಇದ್ದಿರಬಹುದು, ಇನ್ನರ್ಧ ಶುದ್ಧ ವಿಜ್ಞಾನ. ಉಪ್ಪಿನಕಾಯಿ ಕೆಡದೇ ಇರೋದು ಉಪ್ಪು ಅಲ್ಲಿರೋ ನೀರನ್ನೆಲ್ಲ ಹಿಡಿದಿಟ್ಕೊಂಡು ಸೂಕ್ಷ್ಮಜೀವಿಗಳಿಗೆ ಸಿಗದ ಹಾಗೆ ಮಾಡೋದ್ರಿಂದ. ನಿಮ್ಮ ಮಗ ಒದ್ದೆ ಚಮಚ ಇಳಿಸಿದ ತಕ್ಷಣ ಮೇಲ್ಭಾಗದಲ್ಲಿ ಉಪ್ಪು ತೆಳುವಾಗುತ್ತೆ, ಚಮಚಕ್ಕೆ ಅಂಟಿದ ಅನ್ನದ ಅಗುಳು ಬೇರೆ ಅಲ್ಲೇ ಉಳಿಯುತ್ತೆ, ನಾಲ್ಕು ದಿನಕ್ಕೆ ಬಿಳೀ ಬೂಷ್ಟು. ಎರಡು ವರ್ಷ ಬರಬೇಕಿದ್ದ ಜಾಡಿ ಎರಡು ಸೆಕೆಂಡಿನ ಸೋಮಾರಿತನಕ್ಕೆ ಹೋಯ್ತು. ಇದನ್ನ ಸಣ್ಣ ವಿಷಯ ಅಂತಾರಾ ನಿಮ್ಮ ಯಜಮಾನ್ರು? ಮಿಡಿ ಹಾಕಿದ್ದು ಅವರಾಗಿದ್ರೆ ಅಂತಿರಲಿಲ್ಲ.

ಡಿಕಾಕ್ಷನ್ ಕಥೆ ಇನ್ನೂ ಘೋರ. ಫಿಲ್ಟರಿಗೆ ಪುಡಿ ಹಾಕಿ, ಕುದಿಯೋ ನೀರು ಹಾಕಿದ್ರೆ ಗಟ್ಟಿ ಡಿಕಾಕ್ಷನ್ ಇಳಿಯೋಕೆ ಹದಿನೈದಿಪ್ಪತ್ತು ನಿಮಿಷ ಬೇಕು, ಬೈದ್ರೂ ಬೇಗ ಇಳಿಯಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲ್ ನೋಡ್ತಾ ಕೊನೇ ಲೋಟ ಕುಡಿದೋನು ಎರಡು ನಿಮಿಷ ಎದ್ದು ಪುಡಿ ಹಾಕಿದ್ರೆ ಆಯ್ತು, ಆದ್ರೆ ಅವನು ತಳದಲ್ಲಿ ನಾಲ್ಕು ಹನಿ ಬಿಟ್ಟಿರ್ತಾನೆ. ಆ ನಾಲ್ಕು ಹನಿ ಇದೆಯಲ್ಲ ಮೇಡಂ, ಅದು ವಕೀಲರ ನೋಟಿಸ್ ಇದ್ದ ಹಾಗೆ. ನಾನು ಖಾಲಿ ಮಾಡಿಲ್ಲ, ಸಾಕ್ಷಿ ಇಲ್ಲಿದೆ ನೋಡಿ ಅಂತ. ಮರೆವು ಅಂತ ಬಿಡೋಣ ಅಂದ್ರೆ, ಮರೆತೋರು ಪೂರ್ತಿ ಕುಡಿದುಬಿಡ್ತಾರೆ. ಅಳತೆ ಮಾಡಿ ನಾಲ್ಕು ಹನಿ ಬಿಡೋಕೆ ತಲೆ ಬೇಕು.

ಇದು ನಮ್ಮ ಮನೆಗಳ ಕಾಯಿಲೆ ಮಾತ್ರ ಅಂದ್ಕೋಬೇಡಿ. ಮೆಲ್ಬರ್ನಿನಲ್ಲಿ ಒಂದು ಸಂಶೋಧನಾ ಸಂಸ್ಥೆಯವರು ತಮ್ಮ ಆಫೀಸಿನ ಟೀ ರೂಮುಗಳಲ್ಲಿ ಚಮಚ ಮಾಯ ಆಗೋದು ನೋಡಿ ರೋಸಿಹೋಗಿ, 70 ಚಮಚಕ್ಕೆ ಗುಟ್ಟಾಗಿ ಗುರುತು ಹಾಕಿ ಇಟ್ಟು ಐದು ತಿಂಗಳು ಎಣಿಸಿದ್ರು. 56 ಹೋಗಿತ್ತು. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಅದು ಅಚ್ಚಾಯ್ತು, ತಮಾಷೆಗೆ ಬರೆದಿದ್ದಾದ್ರೂ ಲೆಕ್ಕ ಪಕ್ಕಾ. ಅದರಲ್ಲಿ ನಂಗೆ ಹಿಡಿಸಿದ್ದೇನು ಅಂದ್ರೆ, ಎಲ್ಲರೂ ಬಳಸೋ ರೂಮಿನಲ್ಲಿ 42 ದಿನಕ್ಕೆ ಚಮಚಗಳಲ್ಲಿ ಅರ್ಧಕ್ಕರ್ಧ ನಾಪತ್ತೆ, ಅದೇ ಒಂದು ವಿಭಾಗದವರಿಗೆ ಮೀಸಲಿದ್ದ ರೂಮಿನಲ್ಲಿ 77 ದಿನ ತಗೊಂಡಿದೆ. ಎಲ್ಲರದು ಅಂದ್ರೆ ಯಾರದೂ ಅಲ್ಲ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕದವರು ಊರ ಹುಲ್ಲುಗಾವಲಿನ ಉದಾಹರಣೆ ಕೊಟ್ಟು ಇದನ್ನೇ ಹೇಳಿದ್ರು, ಪ್ರತಿಯೊಬ್ಬನೂ ನಂದೊಂದು ಹಸು ಜಾಸ್ತಿ ಬಿಟ್ರೆ ಏನಾಯ್ತು ಅಂದ್ಕೊಂಡು ಬಿಟ್ಟು ಗೋಮಾಳನೇ ಹಾಳಾಗುತ್ತೆ ಅಂತ.

ಆಮೇಲೆ ಎಲಿನಾರ್ ಆಸ್ಟ್ರಾಮ್ ಅನ್ನೋ ಹೆಣ್ಣುಮಗಳು ಬಂದು, ಸ್ವಾಮಿ ಹಾಗೇನಿಲ್ಲ, ಎಷ್ಟೋ ಊರಿನ ಜನ ತಮ್ಮ ತಮ್ಮಲ್ಲೇ ಕಟ್ಟಳೆ ಮಾಡ್ಕೊಂಡು ನೀರು, ಕಾಡು ಎಲ್ಲ ಚೆನ್ನಾಗೇ ಹಂಚ್ಕೊಂಡು ಬಾಳಿದಾರೆ ಅಂತ ಊರೂರು ತೋರಿಸಿಕೊಟ್ರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಪ್ರಶಸ್ತಿ ಪಡೆದ ಮೊದಲ ಹೆಂಗಸು. ಅಡುಗೆಮನೆ ನೋಡಿದೋರಿಗೆ ಈ ಥರ ಬುದ್ಧಿ ಬರುತ್ತೆ ಅಂತ ನನ್ನ ವೈಯಕ್ತಿಕ ಅನಿಸಿಕೆ, ಇದಕ್ಕೆ ಯಾವ ಆಧಾರನೂ ಇಲ್ಲ. ಅವರು ಹೇಳಿದ್ದು ನಮ್ಮ ಕೋಲಾರ ತುಮಕೂರಿನ ರೈತರಿಗೆ ಹೊಸದೇನಲ್ಲ. ಅಲ್ಲಿ ಕೆರೆಗೊಬ್ಬ ನೀರುಗಂಟಿ ಇರ್ತಿದ್ದ. ತೂಬು ಎತ್ತೋದು ಇಳಿಸೋದು ಅವನೇ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಅನ್ನೋದು ಅವನ ಕೈಲಿ. ಆದ್ರೆ ಅವನಿಗೆ ಸುಗ್ಗೀಲಿ ಊರಿನವರು ಕಣದಲ್ಲೇ ಕಾಳು ಅಳೆದು ಕೊಡ್ತಿದ್ರು. ನಿಮ್ಮನೆ ನೀರುಗಂಟಿ ನೀವು, ಮೇಡಂ. ಯಾವ ಡಬ್ಬೀಲಿ ಎಷ್ಟಿದೆ, ಗ್ಯಾಸ್ ಇನ್ನೆಷ್ಟು ದಿನ ಬರುತ್ತೆ, ಹುಳಿಪುಡಿ ಹಬ್ಬದವರೆಗೆ ಸಾಕಾಗುತ್ತಾ, ಎಲ್ಲ ನಿಮ್ಮ ತಲೇಲಿ. ಕಾಳು ಅಳೆದು ಕೊಡೋದು ಹಾಗಿರಲಿ, ನಾಲ್ಕು ಕೋಡುಬಳೆ ಎತ್ತಿಟ್ಟುಕೊಂಡಿದ್ದಕ್ಕೆ ಸಣ್ಣತನ ಅನ್ನಿಸಿಕೊಂಡ್ರಿ.

ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88. ಅದೂ ಕೆಲಸಕ್ಕೆ ಕೈ ಹಾಕೋ ಗಂಡಸರ ಲೆಕ್ಕ ಮಾತ್ರ, ಹಾಕದೇ ಇರೋರು ಈ ಸರಾಸರೀಲಿ ಬರೋದೇ ಇಲ್ಲ. ಇನ್ನು ಸ್ನಾನ ಮಾಡುವಾಗ, ಬಸ್ಸಲ್ಲಿ ಕೂತಾಗ 'ಅಯ್ಯೋ ಸಾಸಿವೆ ಮುಗೀತಲ್ಲ' ಅಂತ ನೆನಪಾಗುತ್ತಲ್ಲ, ಆ ನಿಮಿಷಗಳನ್ನ ಯಾವ ಸಮೀಕ್ಷೆಯೋನು ಬರ್ಕೊಂಡಾನು?

ಮೊದಲಾದ್ರೆ ತಿಂಗಳ ಸಾಮಾನಿನ ಚೀಟಿ ಅಂತ ಒಂದಿತ್ತು. ತಿಂಗಳ ಕೊನೇಲಿ ಅಪ್ಪ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಬರೀತಾ ಕೂತ್ಕೊಳ್ಳೋರು, ಅಮ್ಮ ಒಳಗಿಂದ ಡಬ್ಬ ಡಬ್ಬ ತೆಗೆದು ನೋಡಿ ಕೂಗೋರು, ತೊಗರಿಬೇಳೆ ಎರಡು ಕೆಜಿ, ಜೀರಿಗೆ ನೂರು ಗ್ರಾಂ. ಮನೇಲಿ ಏನಿದೆ ಏನಿಲ್ಲ ಅಂತ ಮಕ್ಕಳಿಗೂ ಗೊತ್ತಾಗ್ತಿತ್ತು. ಈಗ 'ಖಾಲಿನಾ? ಆರ್ಡರ್ ಮಾಡು, ಹತ್ತು ನಿಮಿಷಕ್ಕೆ ಬರುತ್ತೆ'. ಬರುತ್ತೆ ಸರಿ, ಖಾಲಿ ಆಗಿದೆ ಅಂತ ಕಂಡುಹಿಡಿಯೋ ಕೆಲಸಾನ ಯಾವ ಆ್ಯಪ್ ಮಾಡುತ್ತೆ? ಅರ್ಧ ಒಗ್ಗರಣೇಲಿ ಗ್ಯಾಸ್ ನಿಂತುಹೋದಾಗ ಹತ್ತು ನಿಮಿಷದಲ್ಲಿ 14.2 ಕೆಜಿ ಸಿಲಿಂಡರ್ ಯಾರೂ ತಂದುಕೊಡಲ್ಲ. ನಮ್ಮ ಆಫೀಸಿನ ಕಥೆನೂ ಅಷ್ಟೆ, ಇಪ್ಪತ್ತು ಲೀಟರಿನ ನೀರಿನ ಕ್ಯಾನಿನಲ್ಲಿ ಒಂದು ಲೋಟ ನೀರು ಉಳಿದಾಗ ಎಲ್ಲರಿಗೂ ಬಾಯಾರಿಕೆ ನಿಂತುಹೋಗುತ್ತೆ. ಅದನ್ನ ಮುಗಿಸಿದೋನು ಹೊಸ ಕ್ಯಾನ್ ಎತ್ತಬೇಕಲ್ಲ! ಕೊನೆಗೆ ಎತ್ತೋನು ಅಲ್ಲಿರೋರಲ್ಲಿ ಅತೀ ಕಡಿಮೆ ಸಂಬಳದ ಹುಡುಗ. ಇದೇ ಜನ ಸಾಮಾಜಿಕ ನ್ಯಾಯದ ಬಗ್ಗೆ ನಮ್ಮ ಪತ್ರಿಕೆಗೆ ಸಂಪಾದಕೀಯ ಬರೀತಾರೆ, ಅವರಲ್ಲಿ ನಾನೂ ಒಬ್ಬ, ಇರಲಿ ಬಿಡಿ.

ಈಗ ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬಾರದು. ಅರ್ಧ ಸೌಟು ಹಿಟ್ಟಿರೋ ಪಾತ್ರೆ ಕಂಡಾಗ ನೀವೇನು ಮಾಡ್ತೀರಿ? ಗೊಣಗಿಕೊಂಡು ತೊಳೆದು ಇಡ್ತೀರಿ. ಖಾಲಿ ಡಬ್ಬಿಗೆ ರಾತ್ರೋರಾತ್ರಿ ಚಟ್ನಿಪುಡಿ ತುಂಬಿಸ್ತೀರಿ. ನಿಮ್ಮ ಮಕ್ಕಳ ಪಾಲಿಗೆ ಅದು ಅಕ್ಷಯಪಾತ್ರೆ, ತಾನಾಗೇ ತುಂಬೋ ಡಬ್ಬೀನ ಯಾರು ತಾನೇ ತುಂಬಿಸ್ತಾರೆ? ಒಂದು ಹದಿನೈದು ದಿನ ಸುಮ್ನಿರಿ. ಫಿಲ್ಟರ್ ಹಾಗೇ ಇರಲಿ, ನಿಮ್ಮ ಮತ್ತು ಅತ್ತೆ ಪಾಲಿಗೆ ಮಾತ್ರ ಒಂದು ಸಣ್ಣ ಫಿಲ್ಟರ್ ಬೇರೆ ಇಟ್ಕೊಳ್ಳಿ. ಬೆಳಿಗ್ಗೆ ಆರಕ್ಕೆ ಕಾಫಿ ಇಲ್ದೇ ಇರೋ ಗಂಡಸಿಗೆ ಏನು ಹೇಳಿದ್ರೂ ಅರ್ಥ ಆಗುತ್ತೆ, ಇದು ಅನುಭವದ ಮಾತು.

ಬಚ್ಚಿಡೋದರ ಬಗ್ಗೆ ಕೇಳಿದ್ರಲ್ಲ, ಧಾರಾಳವಾಗಿ ಬಚ್ಚಿಡಿ. ಆದ್ರೆ ರಾಗಿಹಿಟ್ಟಿನ ಹಿಂದೆ ಬೇಡ, ಅದು ಯಾರ ಕೈಗಾದ್ರೂ ಸಿಗೋ ಜಾಗ. ನಮ್ಮನೇಲಿ 'ಅಳಲೆಕಾಯಿ ಪುಡಿ' ಅಂತ ಚೀಟಿ ಅಂಟಿಸಿದ್ದ ಡಬ್ಬ ಒಂದು ಹನ್ನೊಂದು ವರ್ಷ ಕಣ್ಣೆದುರೇ ಇತ್ತು, ನಾನು ಮುಟ್ಟಿರಲಿಲ್ಲ. ಹೋದ ವರ್ಷ ಹೊಟ್ಟೆ ಕೆಟ್ಟು ತೆಗೆದು ನೋಡಿದ್ರೆ ತುಂಬ ಗೋಡಂಬಿ. ಹೆಂಡ್ತೀನ ಏನೂ ಕೇಳಲಿಲ್ಲ, ಮುಚ್ಚಳ ಹಾಕಿ ಹಾಗೇ ಇಟ್ಟೆ. ನಾಲ್ಕು ತಿಂದಿದ್ದು ನಿಜ, ಆದ್ರೆ ಒಣಗಿದ ಕೈಯಲ್ಲೇ ತೆಗೆದಿದ್ದು.

ಅತ್ತೆಗೆ ಮಾತ್ರ ಜಾಗ ಹೇಳಿಡಿ. ಹಲ್ಲಿಲ್ಲ ಅಂದ್ರಲ್ಲ, ಕೋಡುಬಳೆ ಕುಟ್ಟಿ ಪುಡಿ ಮಾಡಿ ಮಜ್ಜಿಗೇಲಿ ನೆನೆಸಿ, ಮೇಲೆ ಚೂರು ಇಂಗಿನ ಒಗ್ಗರಣೆ ಹಾಕಿ ಕೊಡಿ.